ಓದಿಕೊಂಡು ಅಳಿಸಿದವರು

ನಮ್ಮ ಟೈಪಿಂಗ್ ಮೇಷ್ಟ್ರ ಎಡಗಾಲು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಕುಳಿತರೆ ಮೇಜು, ನೀರಿನ ಲೋಟ, ಎದುರಿಗಿದ್ದ ನಾವು, ಎಲ್ಲ ನಡುಗಬೇಕು. ಬಳ್ಳಾರಿಯಲ್ಲಿದ್ದ ತಮ್ಮ ಇನ್‌ಸ್ಟಿಟ್ಯೂಟಿಗೆ ದಿನಾ ಸಿರುಗುಪ್ಪದಿಂದ ಬರುತ್ತಿದ್ದರು. ಬಸ್ಸು ಬಳ್ಳಾರಿ ಮುಟ್ಟುವ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ.

ಎಂಬತ್ತರ ದಶಕದ ಕೊನೆಗೆ ಮೇಷ್ಟ್ರು ಅರ್ಧದಷ್ಟು ಟೈಪ್‌ರೈಟರು ಮಾರಿ ಒಂದು ಕಂಪ್ಯೂಟರ್ ತಂದರು. ಕುರುಗೋಡಿನವಳಾದ ನನಗೆ ಮೊದಲು ಕಲಿಸಿ, ಉಳಿದವರಿಗೆ ಕಲಿಸಲು ನೇಮಿಸಿಕೊಂಡರು. ಅದೇ ನನ್ನ ಮೊದಲ ನೌಕರಿ. ಆದರೆ ದೊಡ್ಡ ಕೆಲಸ ಕೊಟ್ಟೊಡನೆ ಯಂತ್ರ ನಿಂತುಬಿಡುತ್ತಿತ್ತು. ಹುಡುಗಿಯರು ಹೊಡೆದದ್ದೆಲ್ಲ ಮಾಯ. ಬಳ್ಳಾರಿಯಲ್ಲಿ ಏನು ಕೆಟ್ಟರೂ ತಪ್ಪು ಬಿಸಿಲಿನದೇ. ಮೇಷ್ಟ್ರು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಸಿದರು, ಇನ್ನೊಂದು ಫ್ಯಾನು ಹಾಕಿಸಿದರು. ಮತ್ತೆ ನಿಂತಿತು.

“ಬರೋ ಐತವಾರ ನಾವ ಬಂದು ನೋಡ್ತೀವ್ರಿ. ಅವತ್ತೂ ಹಿಂಗ ನಿಂತ್ರ ಹುಡುಗ್ಯಾರ್ನ ಬಿಡಿಸ್ತೀವಿ,” ಎಂದು ಪಾಲಕರೊಬ್ಬರು ಹೇಳಿಹೋದರು. ಬಿಡಿಸಿದರೆ ಮೇಷ್ಟ್ರ ಇನ್‌ಸ್ಟಿಟ್ಯೂಟೂ ಇಲ್ಲ, ನನ್ನ ನೌಕರಿಯೂ ಇಲ್ಲ.

ಮೇಷ್ಟ್ರು ಯಂತ್ರದ ಪುಸ್ತಕ ಹಿಡಿದು ತಿರುಗಾಡುತ್ತಲೇ ಓದಿದರು. ತಪ್ಪು ಬಿಸಿಲಿನದಲ್ಲ, ಯಂತ್ರದ ಮೆಮೊರಿಯೇ ಸಾಲುತ್ತಿರಲಿಲ್ಲ. ಕೊನೆಗೆ ದಾರಿ ಸಿಕ್ಕಿತು: ಮೆಮೊರಿ ಸಾಲದಿದ್ದರೆ ಡಿಸ್ಕಿನಲ್ಲಿ ಒಂದಷ್ಟು ಜಾಗ ಎತ್ತಿಟ್ಟು, ಅದನ್ನೂ ಮೆಮೊರಿಯಂತೆ ಬಳಸಬಹುದು. ಆದರೆ ಜಾಗವೆಲ್ಲಿ? ವಿದ್ಯಾರ್ಥಿಗಳು ಹೊಡೆದ ಒಂದು ಹಾಳೆಯನ್ನೂ ಎಸೆಯಬಾರದೆಂಬುದು ಅವರ ಹಳೆಯ ರೂಢಿ. ಡಿಸ್ಕಿನಲ್ಲೂ ಎಲ್ಲವನ್ನೂ ಕೂಡಿಟ್ಟು ಕಂಠಪೂರ್ತಿ ತುಂಬಿಸಿದ್ದರು. ಫ್ಲಾಪಿಗೆ ಹಾಕೋಣವೆಂದರೆ ಇದ್ದವೆಲ್ಲ ಧೂಳಿಗೆ ಕೆಟ್ಟಿದ್ದವು.

“ಅಳಿಸಿಬಿಡೋಣ್ರಿ ಸರ್,” ಎಂದೆ.

“ನೀ ಕಲ್ತದ್ದೂ ಅದರಾಗ ಐತವ್ವಾ. ಕೂಸು ಇಟ್ಟ ಮೊದಲ ಹೆಜ್ಜಿ ಯಾರರ ಅಳಸ್ತಾರ?”

ಕೀಲಿಯ ಮೇಲೆ ಬೆರಳಿಡುವರು, ತೆಗೆಯುವರು. ನನಗೆ ರೇಗಿತು, ನಾನೇ ಒತ್ತಲು ಹೋದೆ.

“ತಡಿ ತಡಿ! ಒಮ್ಮಿ ಎಲ್ಲಾ ಓದ್ಕೊಂತೀನಿ.”

ಊಟ ಬಿಟ್ಟು ಪರದೆಯ ಮುಂದೆ ಕೂತರು. ಒಂದೊಂದನ್ನೇ ಓದಿದರು, ಒಂದೊಂದನ್ನೇ ಅಳಿಸಿದರು. ಶನಿವಾರ ಸಂಜೆಗೆ ಜಾಗವಾಯಿತು.

ಭಾನುವಾರ ಯಂತ್ರ ಕುಂಟುತ್ತ ಓಡಿತು, ಆದರೆ ನಿಲ್ಲಲಿಲ್ಲ. ಪಾಲಕರು ತಲೆದೂಗಿ ಹೋದರು. “ಈಗರ ಸ್ವಲ್ಪ ಕೂಡ್ರಿ ಸರ್,” ಎಂದೆ. “ಬಸ್ಸಿಗೆ ತಡಾ ಆಕ್ಕೈತಿ,” ಎಂದು ಹೊರಟೇಬಿಟ್ಟರು.

ಎಷ್ಟೋ ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಸಿರುಗುಪ್ಪಕ್ಕೆ ಹೋದೆ. ಸ್ವಂತ ಮಕ್ಕಳ ಹೆಸರೂ ಅವರಿಗೆ ತಪ್ಪುತ್ತಿತ್ತು. ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು.

“ಕುರುಗೋಡಾಕಿ. ಮೊದಲ್ನೇ ದಿನ ಪಾಠ ಬಿಟ್ಟು ನಿಮ್ಮ ಎಮ್ಮಿ ಹೆಸರು ಹೊಡದಿದ್ದಿ, ಗೌರಿ ಅಂತ. ಅದರಾಗೂ ಒಂದಕ್ಷರ ತಪ್ಪು.”

ಆ ಎಮ್ಮೆಯನ್ನು ನಾನೇ ಮರೆತಿದ್ದೆ. ಅಲ್ಲೇ ಕುಳಿತು ಅತ್ತುಬಿಟ್ಟೆ.

ವಾರದೊಳಗೆ ಅವರು ಹೋದರು. ನಾನು ಮೊದಲು ಬರೆದದ್ದೇನೆಂದು ಬಲ್ಲವರು ಈಗ ಯಾರೂ ಇಲ್ಲ, ನನ್ನನ್ನು ಬಿಟ್ಟು.