ಏಳು ಮನೆ ಕುಂಟೆಬಿಲ್ಲೆ

ನಮ್ಮಮ್ಮ ಗಂಗರತ್ನಮ್ಮ ಹೆಗ್ಗಣವನ್ನು ಬಾಲ ಹಿಡಿದು ಬೀದಿಗೆ ಬಿಸಾಡಿದವಳು. ನಲ್ಲಿಯ ಸಾಲಿನಲ್ಲಿ ಅವಳ ಬಿಂದಿಗೆ ಮುಟ್ಟುವ ಧೈರ್ಯ ವಠಾರದ ಗಂಡಸರಿಗೂ ಇರಲಿಲ್ಲ. ಆದರೆ ಮೇಷ್ಟರು ಎದುರು ಬಂದರೆ ಮಾತ್ರ ಹೆದರಿ ದಾರಿ ಬದಲಿಸುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ವಿಭಕ್ತಿ ಒಪ್ಪಿಸಲು ಬಾರದೆ ಬೆತ್ತದೇಟು ತಿಂದವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಮದುವೆಯಾಗಿ ಚಾಮರಾಜಪೇಟೆಗೆ ಬಂದ ಮೇಲೆ ದಿನವೆಲ್ಲ ಊದುಬತ್ತಿ ಹೊಸೆಯುತ್ತಿದ್ದಳು.

ಎಪ್ಪತ್ತಾರರಲ್ಲಿ ನಾನೂ ನಾಲ್ಕನೇ ಕ್ಲಾಸಿಗೆ ಬಂದೆ. ಅದೇ ವಿಭಕ್ತಿ ನನ್ನ ಗಂಟಲಿಗೂ ಸಿಕ್ಕಿಕೊಂಡಿತು. ಬುಧವಾರ ಒಪ್ಪಿಸದಿದ್ದರೆ ಪಾಸು ಮಾಡುವುದಿಲ್ಲ ಎಂದರು ರಾಮಾನುಜ ಮೇಷ್ಟರು. ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ಕೆಟ್ಟವನಲ್ಲ, ಆದರೆ ಹಟದವನು. "ಫೇಲಾದ್ರೆ ಸ್ಕೂಲು ಸಾಕು. ನಿಮ್ಮಮ್ಮನ ಜೊತೆ ಕೂತು ಬತ್ತಿ ಹೊಸಿ" ಎಂದುಬಿಟ್ಟ. ಅಮ್ಮ ಆ ದಿನ ಊಟ ಮಾಡಲಿಲ್ಲ.

ಮರುದಿನ ಅಂಗಳದಲ್ಲಿ ಇದ್ದಿಲಿನಿಂದ ಏಳು ಮನೆಯ ಕುಂಟೆಬಿಲ್ಲೆ ಬರೆದಳು.

"ಒಂದೊಂದ್ ಮನೇಲೂ ಒಂದೊಂದು ವಿಭಕ್ತಿ. ತಪ್ಪಿದ್ರೆ ಔಟು. ನಾನೂ ಆಡ್ತೀನಿ."

ನಾನು ಪುಸ್ತಕ ನೋಡಿ ಹೇಳಿಕೊಟ್ಟೆ. ಅವಳು ಸೆರಗು ಸಿಕ್ಕಿಸಿಕೊಂಡು ಕುಂಟಿದಳು. ಮರವು, ಮರವನ್ನು, ಮರದಿಂದ... ವಠಾರವೆಲ್ಲ ನಕ್ಕಿತು. ನಗಲಿ ಬಿಡಿ, ಅವರ ಗಂಟೇನು ಹೋಯಿತು. ಮೂರೇ ಸಂಜೆಗೆ ನನಗೆ ಅದು ನೀರು ಕುಡಿದಷ್ಟು ಸಲೀಸಾಯಿತು. ಅಮ್ಮ ಮಾತ್ರ ಐದನೇ ಮನೆಯಲ್ಲಿ ಔಟಾಗುತ್ತಲೇ ಇದ್ದಳು.

ಬುಧವಾರ ಮೇಷ್ಟರು ನನ್ನ ಹೆಸರು ಕೂಗಿದರು. ಎದ್ದು ನಿಂತೆ. ಅವರ ಕೈಯಲ್ಲಿ ಬೆತ್ತ ಕಂಡಿತು. ಬಲಗಾಲು ತಾನಾಗಿಯೇ ಮೇಲಕ್ಕೆದ್ದಿತು. ಕುಂಟದೆ ಒಂದಕ್ಷರವೂ ಬರಲೊಲ್ಲದು. ಕ್ಲಾಸು ಗೊಳ್ಳೆಂದು ನಕ್ಕಿತು.

"ತಮಾಷೆ ಮಾಡ್ತೀಯೇನೆ?" ಎನ್ನುತ್ತ ಮೇಷ್ಟರು ಹತ್ತಿರ ಬಂದರು. ಲಂಗ ಒದ್ದೆಯಾಗಿಬಿಡುತ್ತದೆಂಬ ಭಯಕ್ಕೆ ತೊಡೆ ಬಿಗಿಹಿಡಿದು ನಿಂತೆ.

ಬೆಳಗಿನಿಂದ ಕಿಟಕಿಯ ಹೊರಗೇ ನಿಂತಿದ್ದ ಅಮ್ಮ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು.

"ಸಾರ್, ಅವಳಿಗೆ ಬರುತ್ತೆ. ಹೆದರ್ಕೊಂಡವ್ಳೆ. ಆಟ ಆಡಿಸಿ ಕಲಿಸಿದೀನಿ, ಕುಂಟಿದ್ರೇನೇ ಬಾಯಿಗೆ ಬರೋದು."

"ನೀವು ಕಲಿಸಿದ್ರಾ? ಎಲ್ಲಿ, ನೀವೇ ಹೇಳಿ ನೋಡೋಣ."

ಅಮ್ಮ ಕೈಕಟ್ಟಿಕೊಂಡು ಶುರುಮಾಡಿದಳು. ನಾಲ್ಕು ಹೇಳಿ ನಿಂತುಬಿಟ್ಟಳು. ಮೇಷ್ಟರು ಕಾದರು. ಆಗ ಅಮ್ಮ, ಯಾರೂ ಹೇಳದೆಯೇ, ಬಲಗೈ ಬಿಚ್ಚಿ ಅಂಗೈಯನ್ನು ಬೆತ್ತದ ಮುಂದೆ ಚಾಚಿ, ಕಣ್ಣು ಮುಚ್ಚಿಕೊಂಡಳು.

ಅವಳಿಗೆ ಹೊಡೆದೇಬಿಡುತ್ತಾರೆ ಎಂಬ ಭಯದಲ್ಲಿ ನನ್ನ ಭಯ ಮರೆತೇ ಹೋಯಿತು. ಎರಡೂ ಕಾಲಿನ ಮೇಲೆ ನಿಂತು, ಮೊದಲಿನಿಂದ ಕೊನೆಯವರೆಗೆ ಏಳನ್ನೂ ಒಂದೇ ಉಸಿರಿಗೆ ಹೇಳಿದೆ.

ಮೇಷ್ಟರು ಬೆತ್ತವನ್ನು ಮೇಜಿನ ಮೇಲಿಟ್ಟರು. "ಅವಳು ಪಾಸು. ಕೈ ಇಳಿಸಿ ತಾಯಿ" ಎಂದರು.

ಅಮ್ಮ ಇಳಿಸಲಿಲ್ಲ. ನಾನೇ ಹೋಗಿ ಹಿಡಿದು ಇಳಿಸಬೇಕಾಯಿತು.