ಎರಡು ಗಂಟೆಯ ದುರ್ಗಮ್ಮ

ಚೌಳಹಿರಿಯೂರಿನ ದುರ್ಗಮ್ಮನಿಗೆ ಎಳೆಗೂಸು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ತನ್ನ ಮೂವರು, ನಾದಿನಿಯ ಇಬ್ಬರು, ಆಮೇಲೆ ಮೊಮ್ಮಕ್ಕಳು, ಎಲ್ಲರೂ ಅವಳ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಂಡವರೇ. ಹಿಂದಿನ ಬೀದಿಯ ಅನಿತಾಗೆ ಅವಳಿ ಮಕ್ಕಳಾದವು. ಬಾಣಂತನಕ್ಕೆ ತಾಯಿಯಿಲ್ಲ, ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದಾಳೆ ಎಂಬ ಸುದ್ದಿ ಬಂದಿದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಹೊರಟಳು. ದಿನಕ್ಕೆ ಎರಡು ಗಂಟೆಯಂತೆ ಮೂರು ತಿಂಗಳು ಹೋದಳು.

ಆಶಾ ಕಾರ್ಯಕರ್ತೆ ಜಯಲಕ್ಷ್ಮಮ್ಮ ಇದನ್ನು ನೋಡುತ್ತಲೇ ಇದ್ದಳು.

"ದುರ್ಗಕ್ಕ, ಇಂಥ ಮನೆ ಇನ್ನೂ ನಾಕೈದು ಅವೆ. ನೀನೊಬ್ಳೇ ಎಷ್ಟು ಅಂತ ತಿರುಗ್ತೀಯ?"

"ಒಬ್ಳೇ ಯಾಕೆ ತಿರುಗ್ಲಿ? ಮಧ್ಯಾಹ್ನ ಜಗುಲಿ ಮೇಲೆ ಕೂತು ಧಾರಾವಾಹಿ ಕತೆ ಹೇಳೋರು ಬೇಕಾದಷ್ಟು ಜನ ಇಲ್ವಾ?"

ಮುಂದಿನ ಸೋಮವಾರ ನಾಲ್ಕು ಹೆಂಗಸರು ಸೇರಿದರು. ಬಳಗಕ್ಕೆ 'ಎರಡು ಗಂಟೆ' ಎಂದೇ ಹೆಸರಾಯಿತು.

ಹೆಸರು ಹಬ್ಬಿ ಕಡೂರಿನಿಂದಲೂ ಕರೆ ಬಂತು. ಅಲ್ಲಿ ಸ್ಪಂದನಾ ಎಂಬ ಶಾಲಾ ಶಿಕ್ಷಕಿ ಚೊಚ್ಚಲ ಬಾಣಂತಿ. ದುರ್ಗಮ್ಮ ಹೊಸ್ತಿಲು ದಾಟಿದವಳೇ ಕಿಟಕಿ ಮುಚ್ಚಿಸಿದಳು, ಮಗುವಿಗೆ ಕುಲಾವಿ ಹಾಕಿಸಿದಳು, ತಣ್ಣೀರು ಕುಡಿದದ್ದಕ್ಕೆ ಬೈದಳು. ಮೂರನೆಯ ದಿನ ಸ್ಪಂದನಾ ಮೆಲ್ಲಗೆ ಹೇಳಿದಳು:

"ಅಮ್ಮಾ, ಬುದ್ಧಿ ಹೇಳೋಕೆ ನಮ್ಮನೇಲೇ ಆರು ಜನ ಇದ್ದಾರೆ. ನಂಗೆ ಒಂದು ಗಂಟೆ ನಿದ್ದೆ ಮಾಡೋಕೆ ಬಿಡ್ತೀರಾ?"

ದುರ್ಗಮ್ಮನಿಗೆ ಚುರುಕ್ಕೆಂದಿತು. ಇನ್ನು ಈ ಕಡೆ ತಲೆ ಹಾಕಬಾರದು ಎಂದುಕೊಂಡೇ ಬಸ್ಸು ಹತ್ತಿದಳು. ಸಂಜೆ ಮುದ್ದೆ ತೊಳಸುತ್ತಿದ್ದಾಗ ತನ್ನ ಮೊದಲ ಬಾಣಂತನ ನೆನಪಾಯಿತು. ಆಗ ಎಲ್ಲರೂ ಹೇಳಿದ್ದೇ ಹೇಳಿದ್ದು. ನಿಂಗೇನು ಬೇಕು ಎಂದು ಒಬ್ಬರೂ ಕೇಳಿರಲಿಲ್ಲ. ಕೋಲು ಹಿಡಿದ ಕೈ ನಿಂತಿತು. ತಳ ಹಿಡಿದ ಮುದ್ದೆಯನ್ನೇ ಅಂದು ಮನೆಯವರೆಲ್ಲ ಉಂಡರು.

ಮರುದಿನ ಬಾಗಿಲಲ್ಲೇ ನಿಂತು, "ಇವತ್ತು ಏನ್ ಮಾಡ್ಲಿ ಹೇಳವ್ವ" ಎಂದಳು. ಸ್ಪಂದನಾ ಮಗುವನ್ನು ಅವಳ ಕೈಗಿಟ್ಟು, ಮಲಗಿ, ಎರಡು ಗಂಟೆ ಕಣ್ಣೇ ಬಿಡಲಿಲ್ಲ. ಅಂದಿನಿಂದ ಬಳಗದವರು ಯಾವ ಮನೆಗೆ ಹೋದರೂ ಮೊದಲು ಕೇಳುವ ಮಾತು ಅದೇ ಆಯಿತು.

ಬರುಬರುತ್ತಾ ಹಾಸಿಗೆ ಹಿಡಿದ ಹಿರಿಯರ ಮನೆಗಳಿಂದಲೂ ಕರೆ ಬರತೊಡಗಿತು. ಆಮೇಲೆ ಬಳಗಕ್ಕೆ ಬಂದವನು ಬೀರೂರಿನ ಈರಭದ್ರಪ್ಪ, ನಿವೃತ್ತ ಬಸ್ ಕಂಡಕ್ಟರ್. "ನಾನೂ ಬತ್ತೀನಿ ಕಣಮ್ಮ" ಎಂದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ದುರ್ಗಮ್ಮನಿಗೂ ನಗು ಬಂದಿತ್ತು, ಆದರೆ ಪಾರ್ಶ್ವವಾಯು ಬಡಿದ ಯಜಮಾನರೊಬ್ಬರನ್ನು ಎತ್ತಿ ಕೂರಿಸಲು ಆಳು ಬೇಕಿತ್ತು, ಕಳಿಸಿದಳು. ಆ ಮನೆಯಲ್ಲಿ ಹೊಟ್ಟೆನೋವಿನ ಕೂಸೊಂದು ರಚ್ಚೆ ಹಿಡಿದು ಅಳುತ್ತಿತ್ತು. ಈರಭದ್ರಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು, ಮೂವತ್ತು ವರ್ಷ ಕೂಗಿದ ರಾಗದಲ್ಲೇ, "ಕಡೂರ್, ಬೀರೂರ್, ತರೀಕೆರೆ, ಹಿಂದೆ ಹೋಗ್ರಿ, ಹಿಂದೆ ಹೋಗ್ರಿ" ಎಂದು ತಟ್ಟತೊಡಗಿದ. ಕೂಸು ತರೀಕೆರೆ ದಾಟುವುದರೊಳಗೆ ನಿದ್ದೆ ಹೋಯಿತು. ಸುದ್ದಿ ತಿಳಿದು ಅವನ ಹಳೆಯ ಸ್ನೇಹಿತರು ಐದು ಮಂದಿ ಬಳಗ ಸೇರಿದರು.

ಮೂರು ವರ್ಷದಲ್ಲಿ ಬಳಗ ನಲವತ್ತೊಂದು ಜನರದ್ದಾಯಿತು. ಹೋದ ತಿಂಗಳು ಅಜ್ಜಂಪುರದವರೂ ಇಂಥದೇ ಬಳಗ ಶುರು ಮಾಡಬೇಕೆಂದು ಸಭೆ ಕರೆದರು. ಮೈಕು, ಕುರ್ಚಿ, ಶಾಲು ಎಲ್ಲ ಸಿದ್ಧವಾಗಿತ್ತು. ದುರ್ಗಮ್ಮ ಮೈಕಿನ ಮುಂದೆ ನಿಂತಳು. "ಎಲ್ರೂ ಬಂದಿದ್ದು ಸಂತೋಷ" ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನಯನ ಎಂಬ ಹುಡುಗಿ ಎದ್ದು ನಿಂತಳು.

"ನಾನು ಸೇರೋಕೆ ಬಂದಿಲ್ಲ ಕಣ್ರೀ. ನಮ್ಮಪ್ಪಂಗೆ ಮರೆವಿನ ಕಾಯಿಲೆ. ಒಳಗೆ ಬಿಟ್ಟು ಬಾಗ್ಲಿಗೆ ಬೀಗ ಹಾಕಿ ಬಂದಿದ್ದೀನಿ. ನಂಗೆ ಸಹಾಯ ಬೇಕು."

ದುರ್ಗಮ್ಮ ಮೈಕು ಪಕ್ಕಕ್ಕೆ ಸರಿಸಿದಳು.

"ನಡಿಯವ್ವ, ಹೋಗೋಣ. ಏನ್ ಬೇಕು ಅಂತ ದಾರೀಲಿ ಹೇಳು."

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಕುರ್ಚಿಗಳು ಸದ್ದು ಮಾಡಿದವು. ತಿರುಗಿ ನೋಡಿದರೆ ಅಜ್ಜಂಪುರದವರು ಹನ್ನೊಂದು ಜನ ಚಪ್ಪಲಿ ಹುಡುಕುತ್ತಿದ್ದರು.

"ಅಷ್ಟೂ ಜನ ಒಂದೇ ಮನೆಗೆ ನುಗ್ಗಿದ್ರೆ ಆ ಯಜಮಾನ್ರು ಗಾಬರಿ ಬೀಳ್ತಾರೆ ಕಣ್ರಪ್ಪ," ಎಂದಳು ದುರ್ಗಮ್ಮ ನಗುತ್ತಾ. "ಇಬ್ರು ಬನ್ನಿ. ಉಳಿದೋರು ನಾಳೆ."