ಫ್ಯಾನಿಲ್ಲದ ಒಂದು ಸಣ್ಣ ಕಾರ್ಡ್

ಗಲ್ಫಿನಲ್ಲಿರುವವರ ಹತ್ತಿರ ಯಾವ ವಸ್ತುವಿನ ಬಗ್ಗೆಯೂ ಅಭಿಪ್ರಾಯ ಕೇಳಬಾರದು. ನಮ್ಮ ಕಥೋಲಿಕ ಮನೆಗಳಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಮ್ಯಾನರ್ಸ್ ಇದು. "ಯಾವ ಮಿಕ್ಸಿ ಒಳ್ಳೆಯದು?" ಎಂದು ಕೇಳಿದರೆ ಮುಂದಿನ ರಜೆಯ ಸೂಟ್‌ಕೇಸಿನಲ್ಲಿ ಮಿಕ್ಸಿಯೇ ಬಂದಿಳಿಯುತ್ತದೆ. ನೀವು ಕೇಳಿದ್ದು ಬರೀ ಸಲಹೆ ಎಂದು ಯಾರೂ ನಂಬುವುದಿಲ್ಲ. ಅಷ್ಟು ತಿಳಿದಿದ್ದೂ ನಾನು ಫ್ಯಾಮಿಲಿ ಗ್ರೂಪಿನಲ್ಲಿ ಬರೆದೆ: "ಲಿನಕ್ಸ್ ಕಂಪ್ಯೂಟರಿಗೆ ಕಡಿಮೆ ಬೆಲೆಯ, ತಲೆನೋವಿಲ್ಲದ ಗ್ರಾಫಿಕ್ಸ್ ಕಾರ್ಡ್ ಯಾವುದು? ಎನಿ ಐಡಿಯಾ?"

ಕಂಪ್ಯೂಟರ್ ನನ್ನದಲ್ಲ, ಅಕ್ಕನದು. ಮಂಗಳೂರಿನ ಕುಲಶೇಖರದ ಈ ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಮದುವೆಯಾಗಲಿಲ್ಲ. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ, ಅವಳು ಕಾಲೇಜಿನಲ್ಲಿ ಗಣಿತ. ಕಾಲೇಜಿನ ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಲಿನಕ್ಸನ್ನು ರಿಟೈರ್ ಆದಮೇಲೂ ಅವಳು ಬಿಡಲಿಲ್ಲ. ಕಣ್ಣಿನ ನಡುವಿನ ನೋಟ ಸವೆಯುತ್ತಿದೆ ಎಂದು ಡಾಕ್ಟರು ಹೇಳಿದಾಗ ಅಳಲಿಲ್ಲ, ದೊಡ್ಡದೊಂದು ಪರದೆ ತರಿಸಿದಳು. ಅಕ್ಷರಗಳನ್ನು ಅಂಗೈಯಷ್ಟು ಹಿಗ್ಗಿಸಿ, ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ, ನೋಟದ ಅಂಚಿನಿಂದ ಓದುವುದನ್ನು ಅಭ್ಯಾಸ ಮಾಡಿಕೊಂಡಳು. ಬೆಳಿಗ್ಗೆ ಮೊದಲು ಓದುವುದು ಮರಣದ ಸುದ್ದಿ, ನಮ್ಮವರೆಲ್ಲರ ಹಾಗೆ.

"ಇವತ್ತು ಯಾರು?" ಎಂದು ನಾನು ಅಡುಗೆಮನೆಯಿಂದ ಕೇಳುತ್ತಿದ್ದೆ.

"ಗುರ್ತದವರು ಯಾರೂ ಇಲ್ಲ. ವೇಸ್ಟ್ ಮಾರ್ನಿಂಗ್."

ನಾನು ಓದಿ ಹೇಳುತ್ತೇನೆಂದರೆ ಒಪ್ಪುತ್ತಿರಲಿಲ್ಲ. "ನೀನು ವಾಕ್ಯದ ಕೊನೆ ನುಂಗ್ತಿ. ಇಂಗ್ಲಿಷ್ ಟೀಚರ್ ಅಂತೆ!" ಕಂಪ್ಯೂಟರೇ ಓದಿ ಹೇಳುವ ದನಿಯನ್ನೂ ಒಂದು ದಿನ ಕೇಳಿ ಬಂದ್ ಮಾಡಿದಳು. ನೋಟ ಇರುವಷ್ಟು ದಿನ ತಾನೇ ಓದಬೇಕು. ಅವಳಿಗಿದ್ದದ್ದು ಅದೊಂದೇ ಆಸೆ.

ಆ ಹೊತ್ತಿಗೇ ಪರದೆಗೆ ಚಿತ್ರ ಕಳಿಸುವ ಹಳೆಯ ಕಾರ್ಡ್ ಕೈಕೊಟ್ಟಿತು. ಹಿಗ್ಗಿಸಿದ ಅಕ್ಷರಗಳು ನಡುಗತೊಡಗಿದವು, ಸಾಲುಗಳು ಅಡ್ಡಕ್ಕೆ ಹರಿದವು. ನಡುಗುವ ಅಕ್ಷರವನ್ನು ಕಣ್ಣಂಚಿನಲ್ಲಿ ಹಿಡಿದು ನಿಲ್ಲಿಸಲಿಕ್ಕೆ ಆಗುವುದಿಲ್ಲ. ತನಗೆ ಬೇಕಾದದ್ದನ್ನು ಅಕ್ಕ ಸ್ಪಷ್ಟವಾಗಿಯೇ ಹೇಳಿದ್ದಳು. "ಕಾರ್ಡ್ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಲಿನಕ್ಸಿನೊಳಗೇ ಇರ್ಬೇಕು, ಹಾಕಿದ ಕೂಡ್ಲೆ ನಡೀಬೇಕು. ಬೇರೆ ಡೌನ್‌ಲೋಡ್ ಮಾಡಿ ಹಾಕುವಂಥದ್ದು ಬೇಡ. ಅಪ್‌ಡೇಟ್ ಬಂದಾಗ ಪರದೆ ಕಪ್ಪಾದ್ರೆ ಸರಿ ಮಾಡ್ಲಿಕ್ಕೆ ನನಗೆ ಕಣ್ಣೆಲ್ಲಿ ಉಂಟು? ಈ ಸಪೂರ ಕಂಪ್ಯೂಟರ್ ಡಬ್ಬದೊಳಗೆ ಹಿಡೀಬೇಕು. ಫ್ಯಾನ್ ಇಲ್ಲದಿದ್ರೆ ಇನ್ನೂ ಒಳ್ಳೇದು. ನಾನೆಂತ ಗೇಮ್ ಆಡ್ಲಿಕ್ಕೆ ಉಂಟಾ?"

ಕದ್ರಿಯ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದರೆ, "ಲಿನಕ್ಸಾ? ಅದನ್ನು ತೆಗೆದು ಎಲ್ಲರೂ ಹಾಕುವುದನ್ನೇ ಹಾಕಿ ಅಮ್ಮ, ಮತ್ತೆ ಯಾವ ಕಾರ್ಡೂ ಆಗ್ತದೆ" ಎಂದರು. ದಾರಿ ಕಾಣದೆ ನಾನು ಗ್ರೂಪಿನಲ್ಲಿ ಕೇಳಿದ್ದು.

ಕತಾರಿನಲ್ಲಿರುವ ಅಣ್ಣನ ಮಗ ಹೆಬ್ಬೆರಳಿನ ಚಿಹ್ನೆಯೊಂದನ್ನು ಒತ್ತಿದ್ದ, ಅಷ್ಟೇ. ಕೆಲವು ವಾರಗಳ ಮೇಲೆ ಅವನ ಗೆಳೆಯನ ಹೆಂಡತಿ ಚಾಕೊಲೇಟ್, ನೋವಿನ ಬಾಮ್‌ಗಳ ಜೊತೆಗೆ ಒಂದು ಪೆಟ್ಟಿಗೆ ತಂದುಕೊಟ್ಟು ಹೋದಳು. ಒಳಗೆ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಕಾರ್ಡ್, ಮೇಲೆ ಮೂರು ಫ್ಯಾನ್, ಬಣ್ಣದ ದೀಪ. ಅಕ್ಕ ಬೆರಳಾಡಿಸಿ ನೋಡಿದಳು.

"ಇದು ಕಾರ್ಡಲ್ಲ ಮಾರಾಯ್ತಿ, ಲಾರಿ. ನಂತೂರು ಸರ್ಕಲಿನಲ್ಲಿ ಬಿಟ್ರೆ ರೋಡ್ ಬ್ಲಾಕ್ ಆಗ್ತದೆ."

ಡಬ್ಬದೊಳಗೆ ಅದು ಹಿಡಿಯಲಿಲ್ಲ. ಹಿಡಿದರೂ ಅದಕ್ಕೆ ಬೇರೆಯೇ ಪವರ್ ಸಪ್ಲೈ ಬೇಕು, ಕಂಪನಿಯದ್ದೇ ಡ್ರೈವರ್ ಬೇಕು. ಅಕ್ಕ ಬೇಡವೆಂದದ್ದೆಲ್ಲ ಒಟ್ಟಾಗಿ ಬಂದಿತ್ತು. ಆ ಸಂಜೆ ಅವನ ವೀಡಿಯೊ ಕಾಲ್.

"ಆಂಟಿ, ಕಾರ್ಡ್ ಹೇಗುಂಟು? ಟಾಪ್ ಮಾಡೆಲ್!"

"ವೆರಿ ನೈಸ್, ಪುತಾ," ಎಂದಳು ಅಕ್ಕ. "ಇಷ್ಟೆಲ್ಲ ಯಾಕೆ ಮಾಡ್ಲಿಕ್ಕೆ ಹೋದದ್ದು?"

"ಅದು ಬಿಡಿ. ಅದು ಹಿಡಿಯುವ ದೊಡ್ಡ ಕಂಪ್ಯೂಟರ್ ಕ್ಯಾಬಿನೆಟ್ ನಾನು ಬಂದು ತೆಗೆದು ಕೊಡ್ತೇನೆ. ನಾನೇ ಫಿಟ್ ಮಾಡ್ತೇನೆ. ನೀವು ಎಂತದೂ ಮುಟ್ಟಬೇಡಿ."

ಅವನ ಮುಖದ ತುಂಬ ಸಂತೋಷ. ಅದರ ಮೇಲೆ ನಾವು ಬೇರೆ ಕಾರ್ಡ್ ತರುವುದು ಹೇಗೆ? ಉಡುಗೊರೆ ಕೊಟ್ಟವರ ಎದುರು ಮುಖ ಸಣ್ಣದು ಮಾಡಬಾರದು ಎಂದು ಕಲಿಸಿದ ಕಾನ್ವೆಂಟಿನ ಸಿಸ್ಟರ್‌ಗಳೆಲ್ಲ ಎಂದೋ ಸ್ವರ್ಗ ಸೇರಿದ್ದಾರೆ. ಪಾಠ ಮಾತ್ರ ನಮ್ಮಲ್ಲೇ ಉಳಿದಿದೆ. ನಾನು ಗುಟ್ಟಾಗಿ ತರುತ್ತೇನೆಂದೆ. "ಅವನು ಬಂದು ಡಬ್ಬ ಬಿಚ್ಚಿದಾಗ ಎಂತ ಹೇಳ್ತಿ?" ಎಂದಳು. ಗುಟ್ಟಾಗಿ ತರುವ ಮಾತು ಅಲ್ಲಿಗೇ ನಿಂತಿತು.

ಅವನ ರಜೆ ಈಸ್ಟರಿಗೆ ಎಂದಿದ್ದದ್ದು ಮಳೆ ಮುಗಿದ ಮೇಲೆ ಎಂದಾಯಿತು. ಅಕ್ಕ ನಡುಗುವ ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತು, ಹಣೆ ಒತ್ತಿಕೊಂಡು ಆಫ್ ಮಾಡುತ್ತಿದ್ದಳು. ಯಾರನ್ನು ಬೈಯಲಿ? ಪ್ರೀತಿಯಿಂದ ಕಳಿಸಿದ ಹುಡುಗನನ್ನೇ? ನಾನು ಮೇಜು ಒರೆಸುತ್ತಿದ್ದೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಪರದೆ ಆನ್ ಮಾಡಲೇ ಇಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು, ನನ್ನ ಫೋನಿನ ಕಡೆ ಕೈ ತೋರಿಸಿ ಅವಳೇ ಕೇಳಿದಳು: "ಇವತ್ತು ಯಾರು?"

ಓದಿ ಹೇಳಿದೆ. ವಾಕ್ಯದ ಕೊನೆ ನುಂಗಿದೆನೋ ಏನೋ, ಅವಳು ತಿದ್ದಲಿಲ್ಲ. ಕಾಫಿ ಕುಡಿಯದೆಯೇ ಕದ್ರಿಗೆ ಆಟೋ ಹತ್ತಿದೆ.

ಅಂಗಡಿಯಲ್ಲಿ ಅಕ್ಕ ಹೇಳಿದ್ದನ್ನೆಲ್ಲ ಚರ್ಚಿನ ಕ್ಯಾಟೆಕಿಸಂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಅವರು ಫೋನಿನಲ್ಲಿ ಹುಡುಕಿ, "ಇದರ ಡ್ರೈವರ್ ಒಳಗೇ ಉಂಟಂತೆ ಅಮ್ಮ, ಆದ್ರೆ ಲಿನಕ್ಸಿಗೆ ನಾನು ಗ್ಯಾರಂಟಿ ಕೊಡುದಿಲ್ಲ" ಎನ್ನುತ್ತಾ ಒಂದು ಕಾರ್ಡ್ ಮುಂದಿಟ್ಟರು. ಅಂಗೈಯಗಲ, ಫ್ಯಾನಿಲ್ಲ, ದೀಪವಿಲ್ಲ. ಮಧ್ಯಾಹ್ನ ಮನೆಗೆ ಬಂದು ಹಾಕಿಯೂ ಕೊಟ್ಟರು. ಕಂಪ್ಯೂಟರ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಾಳಿಯಿಲ್ಲದ ಚಾಪೆಲಿನಲ್ಲಿ ಮೇಣದ ಬತ್ತಿ ಉರಿಯುವಂತೆ ಅಕ್ಷರಗಳು ನಿಂತವು.

ಅಕ್ಕ ಕೂತಳು. ಮುಖ ಎಡಕ್ಕೆ ತಿರುಗಿಸಿದಳು, ಇನ್ನೂ ತಿರುಗಿಸಿದಳು. ಅಕ್ಷರ ಹಿಗ್ಗಿಸಿದಳು, ಒಂದು ಪದ ಪರದೆ ತುಂಬಿತು, ಆಮೇಲೆ ಅರ್ಧ ಪದ.

"ನಡುಗುದಿಲ್ಲ ಅಲ್ವಾ?" ಎಂದೆ.

"ಇಲ್ಲ. ಕಾರ್ಡ್ ಸರಿಯುಂಟು." ಪರದೆಯಿಂದ ಮುಖ ತೆಗೆದು ಹೇಳಿದಳು: "ಕಣ್ಣಿನ ನಡುವಿನ ಕಪ್ಪು ಗುಂಡಿ ದೊಡ್ಡದಾಗಿದೆ."

ನಡುಗುವ ಪರದೆಯಿಂದ ಕಣ್ಣಿಗೆ ಏನೂ ಆಗಿಲ್ಲ, ಅದು ಹೇಗೂ ಆಗಲಿಕ್ಕಿತ್ತು ಎಂದು ಡಾಕ್ಟರು ಆಮೇಲೆ ಸಮಾಧಾನ ಹೇಳಿದರು. ಇರಬಹುದು. ಆದರೆ ಓದಲಿಕ್ಕೆ ಆಗುತ್ತಿದ್ದ ಆ ತಿಂಗಳುಗಳು? ಅದನ್ನು ಯಾರ ಹತ್ತಿರ ಕೇಳಲಿ? ಹುಡುಗನಿಗೆ ಮಾತ್ರ ಇದು ಯಾವುದನ್ನೂ ಹೇಳಬಾರದು ಎಂದು ಅಕ್ಕನ ಆರ್ಡರ್.

ಈಗ ಅವಳು ಬೆಳಿಗ್ಗೆ ಒಂದೇ ಒಂದು ಮರಣದ ಸುದ್ದಿ ಓದುತ್ತಾಳೆ. ನಾನು ಕಾಫಿ ಹಿಡಿದು ಅವಳ ಹಿಂದೆ ಬಾಗಿಲಲ್ಲಿ ನಿಲ್ಲುತ್ತೇನೆ. ಅಷ್ಟು ದೊಡ್ಡ ಅಕ್ಷರ, ನನಗೆ ಅಲ್ಲಿಂದಲೇ ಕಾಣುತ್ತದೆ. ಅವಳ ತುಟಿ ಮೊದಲ ಅಕ್ಷರದ ಮೇಲೆಯೇ ನಿಂತಿರುತ್ತದೆ. ಅದು ಯಾವ ಹೆಸರೆಂದು ನಾನು ಹೇಳಿಕೊಡುವುದಿಲ್ಲ. ಕಾಫಿ ಆರುತ್ತದೆ.